ಹಗಲಿನ ಪಾಳಿ

ವಾಲ್ವ್ ತಿರುಗಿಸಿದವನು ಭಾವ. ನೀರು ಹೊರಟದ್ದು ಕಿರಿಸೊಸೆಯ ಬದನೆ ಮಡಿಗಲ್ಲ, ಭಾವನ ಕಬ್ಬಿಗೆ. ಹೊಸ ಪೈಪಿನಿಂದ ತೋಳುಗಾತ್ರದ ನೀರು ಭಸಭಸ ಬೀಳುವುದನ್ನು ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು. ಸೋಲಾರ್ ಪಂಪು ಅವಳದು. ಹಾಲು ಕರೆಯುವ ಎಮ್ಮೆ ಮಾರಿ, ತನ್ನ ಪಾಲಿನ ಹಣ ಕಟ್ಟಿ ಸರ್ಕಾರದ ಯೋಜನೆಯಲ್ಲಿ ಹಾಕಿಸಿಕೊಂಡದ್ದು. ಬಿಸಿಲು ಹೀರಿ ಪಂಪು ಓಡಿಸುವ ಹಲಗೆಗಳು ನಿಂತಿರುವುದೂ ಅವಳದೇ ನೆಲದಲ್ಲಿ.

ಬಾವಿ ಮಾತ್ರ ಇಬ್ಬರದು. ಹಗಲು ದೊಡ್ಡ ಮಗನಿಗೆ, ರಾತ್ರಿ ಚಿಕ್ಕವನಿಗೆ ಎಂದು ಮಾವ ಪಾಳಿ ಮಾಡಿಟ್ಟು ಕಣ್ಣು ಮುಚ್ಚಿದ್ದ. ದೊಡ್ಡವನಿಗೆ ನಿದ್ದೆ ಸಿಕ್ಕಿತು, ಚಿಕ್ಕವನಿಗೆ ಹಾವು. ಕತ್ತಲಲ್ಲಿ ನೀರು ತಿರುಗಿಸಲು ಹೋದ ಅವಳ ಗಂಡ ಬದುವಿನ ಮೇಲೇ ನೀಲಿಗಟ್ಟಿ ಬಿದ್ದಿದ್ದ. ಅಂದಿನಿಂದ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಗುದ್ದಲಿ ಹಿಡಿದು ಅವಳೇ ಹೋಗುತ್ತಿದ್ದಳು. ಪಾಳಿ ಇರುವುದು ಇಬ್ಬರಿಗೂ ಸೇರಿದ ಡೀಸೆಲ್ ಎಂಜಿನ್ನಿಗೆ, ತನ್ನದೇ ಪಂಪು ಬಂದರೆ ಆ ಕಾಟ ತಪ್ಪಿತು ಎಂದೇ ನಂಬಿದ್ದಳು. ಬಾವಿ ಇಬ್ಬರದಾದ್ದರಿಂದ ಪಂಪಿನ ಅರ್ಜಿಗೆ ಒಪ್ಪಿಗೆ ಕೇಳಿದಾಗ ಭಾವ ತಕರಾರಿಲ್ಲದೆ ಹೆಬ್ಬೆಟ್ಟು ಒತ್ತಿದ್ದ. ಅಷ್ಟು ಸಲೀಸಾಗಿ ಒತ್ತಿದಾಗಲೇ ಅನುಮಾನ ಬರಬೇಕಿತ್ತು.

"ಪಾಳಿ ಎಂಜಿನ್ದಲ್ಲಮ್ಮ, ಬಾವೀದು," ಎಂದ ಭಾವ, ಕಡ್ಡಿಯಿಂದ ಹಲ್ಲು ಕೆದಕುತ್ತ. "ಹಗಲು ಮೇಲೆ ಬಂದ ನೀರು ನಂದು. ಯಾರ ಪಂಪು ಎತ್ತಿದ್ರೇನು? ನಿನ್ನ ಪಾಳೀಲಿ ನೀನು ಎತ್ಕೋ. ಬೇಡ ಅಂದ್ನಾ?"

"ರಾತ್ರಿ ಬಿಸಿಲು ಎಲ್ಲಿಂದ ತರ್ಲಿ ಭಾವ?"

"ಅದನ್ನ ಪಂಪು ಕೊಟ್ಟೋರ್ನ ಕೇಳು."

ಕೇಳಿದಳು. ಪಂಪು ಜೋಡಿಸಲು ಬಂದಿದ್ದ ಫಿಟ್ಟರ್ ಹಲಗೆ ಒರೆಸುತ್ತಲೇ ಇದ್ದ. ಮಂಜೂರು ಮಾಡುವಾಗ ಇಲಾಖೆಯವರು ಬಾವಿಯ ಆಳ ನೋಡಿದ್ದರು, ಮರದ ನೆರಳು ನೋಡಿದ್ದರು, ನೀರು ಯಾರ ಪಾಳಿಯದು ಎಂದು ಒಬ್ಬ ಮಹಾಶಯನೂ ಕೇಳಿರಲಿಲ್ಲ. ಬಿಸಿಲು ಕೂಡಿಡುವ ಬ್ಯಾಟರಿ ಯೋಜನೆಯಲ್ಲಿಲ್ಲವಂತೆ. ಅವನ ಫೋನಿನಲ್ಲೇ ಇಲಾಖೆಯ ಇಂಜಿನಿಯರನ್ನು ಹಿಡಿದರೆ, ಮನೆಜಗಳಕ್ಕೂ ಇಲಾಖೆಗೂ ಸಂಬಂಧವಿಲ್ಲ, ಪಂಪು ಸುಮ್ಮನೆ ನಿಂತರೆ ಬಿಚ್ಚಿ ಬೇರೆಯವರಿಗೆ ಕೊಡುತ್ತೇವೆ ಎಂದು ಅವನು ಫೋನು ಇಟ್ಟುಬಿಟ್ಟ.

"ಹೊಂದ್ಕೊಂಡು ಹೋಗಿ ಅಕ್ಕಾ," ಎಂದ ಫಿಟ್ಟರ್.

ಹೊಂದಿಕೊಂಡು! ಈ ಗಂಡಸರ ಹೊಂದಾಣಿಕೆಯಲ್ಲಿ ಬಗ್ಗುವುದು ಯಾವತ್ತೂ ಒಂದೇ ಬೆನ್ನು.

ಅವಳು ಮನೆಗೆ ಹೋದಳು. ತಿರುಗಿ ಬರುವಾಗ ಮನೆಯ ಹಾಸಿಗೆ ಹೊದಿಕೆಗಳೆಲ್ಲ ತಲೆಯ ಮೇಲಿದ್ದವು. ಒಂದೊಂದನ್ನೇ ಕೊಡವಿ ಹಲಗೆಗಳ ಮೇಲೆ ಹರವಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಕಟ್ಟಿ ಇಳಿಬಿಟ್ಟಳು. ಹಲಗೆಗೆ ಬಿಸಿಲು ತಾಗದೆ ಪೈಪಿನ ನೀರು ತೋಳುಗಾತ್ರದಿಂದ ಬೆರಳುಗಾತ್ರಕ್ಕಿಳಿಯಿತು.

"ಏನು ಮಾಡ್ತಿದ್ದೀಯ?" ಭಾವನ ಬಾಯಿಂದ ಕಡ್ಡಿ ಬಿತ್ತು.

"ಹಾಸಿಗೆ ಒಣಗ್ಹಾಕ್ತಿದ್ದೀನಿ. ಪಾಳಿ ನಿಮ್ದೇ ಭಾವ, ಹಲಗೆ ನಂದು."

ಕೊನೆಗೆ ಉಳಿದದ್ದು ಗಂಡನ ಕಂಬಳಿ. ಅದನ್ನೂ ಹಾಸಿ, ಮಲಗಿದವರಿಗೆ ಹೊದಿಸುವಂತೆ ಅಂಗೈಯಿಂದ ಸುಕ್ಕು ತೀಡಿದಳು. ಪೈಪಿನ ಬಾಯಲ್ಲಿ ಒಂದು ಹನಿ ತೂಗಾಡುತ್ತಿತ್ತು. ಆಚೆ ಮಡಿಯಲ್ಲಿ ಅವಳ ಬದನೆ ಸಸಿಗಳು ಬಿಸಿಲಿಗೆ ತಲೆ ಬಾಗಿಸಿ ನಿಂತಿದ್ದವು.