ಪಾವು ಬೀದಿಗೊಂದು ಹೊಂಗೆ ಮರ

ಮಧ್ಯಾಹ್ನವಾದರೆ ಸಾಕು, ಕಣ್ಣಮ್ಮನ ಮಗ್ಗದಲ್ಲಿ ನೂಲು ಕಡಿಯತೊಡಗುತ್ತದೆ. ಒಂದು ಎಳೆಗೆ ಗಂಟು ಹಾಕುವಷ್ಟರಲ್ಲಿ ಪಕ್ಕದ ಎಳೆ ತುಂಡು. ತಪ್ಪು ನೂಲಿನದಲ್ಲ. ಹತ್ತಿ ನೂಲಿಗೆ ಗಾಳಿಯಲ್ಲಿ ಕೊಂಚ ತೇವ ಬೇಕು. ಅವಳು ನೇಯುವ ಕೋಣೆಯೋ ಪಡುವಣಕ್ಕೆ, ಬೀದಿಯ ಕಡೆಗಿದೆ. ಮೇಲೆ ಶೀಟು, ಮುಂದೆ ಬಟ್ಟಬಯಲು. ಮೇ ತಿಂಗಳ ಬಿಸಿಲು ಗೋಡೆಗೂ ಮಾಡಿಗೂ ಒಟ್ಟಿಗೇ ಬಡಿಯುತ್ತದೆ.

ಹೋದ ವಾರ ನೇಯುತ್ತಿದ್ದವಳು ಹಾಗೆಯೇ ಬಟ್ಟೆಯ ಮೇಲೆ ಮುಂದಕ್ಕೆ ಬಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಇದು ಬಿಸಿಲಿನ ಹೊಡೆತ, ಮಧ್ಯಾಹ್ನದ ಹೊತ್ತು ಆ ಕೋಣೆಯಲ್ಲಿ ಕೂರಬೇಡಿ ಎಂದು ಹೇಳಿ ಕಳಿಸಿದರು.

ಗಂಡ ಮುರುಗೇಶನ್ ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಅವನು ಅಂದೇ ತೀರ್ಮಾನ ಹೇಳಿದ.

"ಮಗ್ಗ ಸಾಕು, ಕಣ್ಣಮ್ಮ. ಮಿಲ್ ವ್ಯಾನು ನಮ್ಮ ಬೀದಿಗೇ ಬರ್ತದೆ. ಬರೋ ತಿಂಗಳಿಂದ ನೀನೂ ಹತ್ತು."

"ಮಗ್ಗಾನ ಏನ್ ಮಾಡೋದು?"

"ಬೇಕಾದೋರು ಬಿಚ್ಕೊಂಡು ಹೋಗ್ತಾರೆ."

"ನನ್ನನ್ನ ದಾಟ್ಕೊಂಡು ಹೋಗೋ ಧೈರ್ಯ ಇರೋರು ಬರ್ಲಿ," ಎಂದಳು ಕಣ್ಣಮ್ಮ.

ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಮ್ಮನ ಪಕ್ಕದಲ್ಲಿ ಕೂತು ಕಲಿತ ಕೆಲಸ ಅದು. ಸೀರೆಯ ಅಂಚು ನೋಡಿಯೇ ಇದು ಕಣ್ಣಮ್ಮನ ಕೈ ಎಂದು ಜನ ಗುರುತಿಸುತ್ತಾರೆ. ಬಿಸಿಲಿಗೆ ಹೆದರಿ ಅದನ್ನು ಬಿಡುವುದು ಅವಳ ಮನಸ್ಸಿಗೆ ಒಪ್ಪಲಿಲ್ಲ.

ಭಾನುವಾರ ಸಂಜೆ ಎದುರು ಮನೆಯ ಸುಗನ್ಯಾ ಬಂದಳು. ಮೆಟ್ಟುಪಾಳ್ಯಂ ರಸ್ತೆಯ ಸಸಿ ತೋಟವೊಂದರಲ್ಲಿ ಅವಳಿಗೆ ಕೆಲಸ. ಕೋಣೆಯ ಮುಂದೆ ನೆರಳಿಗೆಂದು ಕಣ್ಣಮ್ಮ ಕೇಳಿದ್ದ ಹೊಂಗೆ ಸಸಿಯೂ, ಅದೇ ಜಾಗಕ್ಕೆಂದು ಮಾವ ಅಂಗಪ್ಪನ್ ಕೇಳಿದ್ದ ನಂದಿಬಟ್ಟಲೂ ಅವಳ ಕೈಯಲ್ಲಿದ್ದವು. ತಮಿಳು ಬೆರೆತ ಮಾತಿನ ಇಲ್ಲಿಯವರು ಹೊಂಗೆಗೆ ಪುಂಗ ಮರ ಎನ್ನುತ್ತಾರೆ.

ಅಂಗಪ್ಪನ್ ಜಗಲಿಯಿಂದಲೇ ಕೈ ಚಾಚಿದರು. "ಆ ಹೂವಿನ ಗಿಡ ಇಲ್ಲಿ ಕೊಡು, ಸುಗನ್ಯಾ. ಪುಂಗಾನ ವಾಪಸ್ ತಗೊಂಡ್ ಹೋಗು."

"ಯಾಕ್ ಮಾಮಾ?" ಎಂದಳು ಕಣ್ಣಮ್ಮ.

"ಯಾಕಂದ್ರೆ? ನಂದಿಬಟ್ಟಲು ಹಾಕಿದ್ರೆ ಚೌಡೇಶ್ವರಿಗೆ ದಿನಾ ಹೂವು. ಬೇರು ಗೋಡೆಗೆ ನುಗ್ಗಲ್ಲ. ರಾಶಿ ರಾಶಿ ಎಲೆ ಉದುರಲ್ಲ. ಹಸಿರು ಯಾವುದಾದ್ರೆ ಏನು, ಎಲ್ಲಾ ಒಂದೇ."

ಸುಗನ್ಯಾ ಎರಡೂ ಸಸಿಗಳನ್ನು ಜಗಲಿಯ ಮೇಲೆ ಇಟ್ಟಳು. "ಹೂವಿನ ಮಾತು ಸರಿ, ಮಾಮಾ. ವರ್ಷದೊಳಗೆ ಬಿಡ್ತದೆ. ಪುಂಗ ನೆರಳು ಕೊಡೋಕೆ ನಾಲ್ಕೈದು ವರ್ಷ ಬೇಕು. ಇಲ್ಲಾಂತ ನಾನು ಸುಳ್ಳು ಹೇಳಲ್ಲ. ಆದ್ರೆ ಎಲ್ಲಾ ಒಂದೇ ಅಂದ್ರಲ್ಲ, ಅದು ತಪ್ಪು. ಈ ನಂದಿಬಟ್ಟಲು ಆಳೆತ್ತರ ಮಾತ್ರ ಬೆಳೀತದೆ. ಮೂರು ಗಂಟೆ ಬಿಸಿಲಿಗೆ ಅದರ ನೆರಳು ಒಂದಾಳು ಉದ್ದವೂ ಇರಲ್ಲ."

"ಹಂಗಾದ್ರೆ ಗೋಡೆ ಬುಡಕ್ಕೇ ನೆಡ್ತೀನಿ."

"ನೆಡಿ. ಗೋಡೆ ಕಾಲು ತಣ್ಣಗಿರ್ತದೆ. ಅಕ್ಕನ ತಲೆ ಮೇಲಿರೋ ಶೀಟಿಗೆ ಯಾರು ಕೊಡೆ ಹಿಡೀತಾರೆ, ನೀವಾ?"

ಕಣ್ಣಮ್ಮ ನಕ್ಕಳು. ಅಂಗಪ್ಪನ್ ನಗಲಿಲ್ಲ.

"ಬೇರು?"

"ಗೋಡೆಯಿಂದ ಹನ್ನೆರಡಡಿ ದೂರ ನೆಡೋಣ. ಕರೆಂಟ್ ತಂತಿ ಬೀದಿ ಆಚೆ ಇದೆ, ಅದರದ್ದೂ ಭಯ ಇಲ್ಲ. ಎಲೆ ಉದುರೋದು ಬೇಸಿಗೆ ಶುರುವಲ್ಲಿ. ಬಿಸಿಲು ಏರೋ ಹೊತ್ತಿಗೆ ಹೊಸ ಚಿಗುರು ತುಂಬ್ಕೊಳ್ತದೆ."

"ಗುಡಿಸೋದು ಹೇಗೂ ನಾನೇ," ಎಂದಳು ಕಣ್ಣಮ್ಮ.

ಅಂಗಪ್ಪನ್ ಕೊನೆಗೆ ಮನಸ್ಸಿನಲ್ಲಿದ್ದುದನ್ನು ಹೇಳಿದರು. "ಅದೆಲ್ಲಾ ಇರ್ಲಿ, ಅಮ್ಮಣಿ. ಇದು ಪಾವು ಬೀದಿ. ಇಲ್ಲಿ ಯಾರೂ ಮರ ನೆಡಲ್ಲ."

ಹಾಸುನೂಲಿಗೆ ಈ ಬೀದಿಯವರ ಮಾತಿನಲ್ಲಿ ಪಾವು ಎಂದು ಹೆಸರು. ಹಿಂದೆ ನಸುಕಿನಲ್ಲೇ ಮನೆಮಂದಿಯೆಲ್ಲ ಹೊರಬಂದು ಪಾವನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಉಜ್ಜುತ್ತಿದ್ದರು. ಒದ್ದೆ ನೂಲಿನ ಮೇಲೆ ಎಲೆ ಬಿದ್ದರೆ ಅಂಟುತ್ತದೆ, ಹಕ್ಕಿ ಹಿಕ್ಕೆ ಹಾಕಿದರೆ ಕಲೆಯಾಗುತ್ತದೆ. ಅದಕ್ಕೇ ಮನೆಯ ಮುಂದಿನ ಜಾಗ ಅವರವರದೇ ಆದರೂ ಅಲ್ಲಿ ಮರ ಕೂಡದೆಂದು ಹಿರಿಯರು ಕಟ್ಟು ಮಾಡಿದರು. ಅಂದಿಗೆ ಅದು ಸರಿಯಾದ ಕಟ್ಟೇ. ಈಗ ಪಾವು ಗಂಜಿ ಹಾಕಿಸಿಕೊಂಡು, ಉರುಳೆಗೆ ಸುತ್ತಿಸಿಕೊಂಡು ಟೆಂಪೋದಲ್ಲಿ ಮನೆಬಾಗಿಲಿಗೆ ಬರುತ್ತದೆ. ಬೀದಿಯಲ್ಲಿ ಪಾವು ಹಾಸಿದ್ದನ್ನು ಕಣ್ಣಮ್ಮ ಮದುವೆಯಾಗಿ ಬಂದಮೇಲೆ ಒಂದು ದಿನವೂ ಕಂಡಿಲ್ಲ.

ಮಾತು ಕೇಳಿ ಮೂಲೆಮನೆಯ ಶಣ್ಮುಗಂ ಬಂದು ನಿಂತರು. ಬೀದಿಯ ನ್ಯಾಯ ಪಂಚಾಯ್ತಿಯೆಲ್ಲ ಅವರದೇ.

"ಏನ್ ಅಂಗಪ್ಪಣ್ಣ, ಮರ ಗಿರ ಅಂತ ಕೇಳಿಸ್ತು. ಇವತ್ತು ಮರ, ನಾಳೆ ಕೊಂಬೆಗೆ ಉಯ್ಯಾಲೆ ಕಟ್ತೀರಾ?"

"ಕಟ್ಟಿದ್ರೆ ಮೊದಲು ನಿಮ್ಮನ್ನೇ ಕೂರಿಸ್ತೀನಿ, ಅಣ್ಣಾ," ಎಂದಳು ಕಣ್ಣಮ್ಮ. "ಅದಕ್ಕೆ ಮೊದಲು ಒಂದು ಹೇಳಿ. ಈ ಬೀದೀಲಿ ಕಡೇ ಪಾವು ಹಾಸಿದ್ದು ಯಾರು?"

ಶಣ್ಮುಗಂ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿದರು. "ಹಾಸ್ಲಿ, ಬಿಡ್ಲಿ. ಕಟ್ಟು ಕಟ್ಟೇ."

"ಪಾವು ಬರೋ ಜಾಗದಲ್ಲಿ ನಿಮ್ಮ ಕಾರು ನಿಂತದೆ. ನಿಮ್ಮ ಕಟ್ಟು ಅದನ್ನ ಒಪ್ತದೆ, ಮರಾನ ಒಪ್ಪಲ್ವಾ?"

"ನೋಡಿ ಅಂಗಪ್ಪಣ್ಣ, ನಿಮ್ಮ ಸೊಸೆ ಬಾಯಿ."

"ಬಾಯಿ ನಂದೇ, ಅಣ್ಣಾ. ಬಿಸಿಲಿಗೆ ಬಿದ್ದಿದ್ದೂ ನಾನೇ."

ಅಂಗಪ್ಪನ್ ಸಿಟ್ಟಿನಿಂದ ಎದ್ದರು. "ಸಾಕು, ಅಮ್ಮಣಿ. ನಾವೂ ನೇಯ್ದೋರೇ. ಬೇಸಿಗೆ ನಮಗೂ ಇತ್ತು. ನಾವು ಯಾರೂ ಬೀಳ್ಲಿಲ್ಲ."

"ನೀವು ನೇಯ್ದಿದ್ದು ಹೆಂಚಿನ ಮನೇಲಿ, ಮಾಮಾ. ಈ ಶೀಟಿನ ಕೋಣೆ ಕಟ್ಟಿದ್ದು ನೀವು ಮಗ್ಗ ಬಿಟ್ಟಮೇಲೆ. ಮಧ್ಯಾಹ್ನ ಅಲ್ಲಿ ಒಂದು ಸಲ ಆದ್ರೂ ಕೂತಿದ್ದೀರಾ? ನಾಳೆ ಕೂರಿ. ಒಂದು ಗೇಣು ನೇಯ್ದು ತೋರಿಸಿ. ತೋರಿಸಿದ್ರೆ ಹೊಂಗೆ ವಾಪಸ್. ನಾನೂ ಮಿಲ್ ವ್ಯಾನು ಹತ್ತೀನಿ."

ಸುಗನ್ಯಾ ಅವಳ ಕೈ ಹಿಡಿದು ಎಳೆದಳು. "ಅಕ್ಕಾ, ಏನ್ ಮಾತು ಕೊಟ್ಬಿಟ್ರಿ?"

ಕಣ್ಣಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಗಪ್ಪನ್ ಹಳೆಯ ನೇಕಾರರು, ಸವಾಲು ಬಿಡುವವರಲ್ಲ.

ಮರುದಿನ ಊಟ ಮುಗಿಸಿ ಅವರು ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರು. ಅಂದು ಪಾಳಿ ಇಲ್ಲದ ಮುರುಗೇಶನ್ ಬಾಗಿಲಲ್ಲಿ ನಿಂತ. ಕಣ್ಣಮ್ಮ ಒಂದು ಚೊಂಬು ನೀರು ತಂದಿಟ್ಟಳು. ಮುದುಕರ ಕೈಗೆ ಲಾಳಿ ಮರೆತುಹೋಗಿರಲಿಲ್ಲ. ಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಎಳೆ ಕಡಿಯಿತು. ಅವರು ಗಂಟು ಹಾಕಿದರು. ಇನ್ನೊಂದು ಕಡಿಯಿತು. ಬೆವರು ಕಣ್ಣಿಗಿಳಿದು ಎಳೆಯೇ ಕಾಣದಾಯಿತು. ಗೋಡೆಗೆ ಕೈಯೂರಲು ಹೋದವರು ಸರಕ್ಕನೆ ಕೈ ಹಿಂದಕ್ಕೆ ತೆಗೆದರು.

"ಎದ್ದು ಬನ್ನಿ, ಅಪ್ಪಾ," ಎಂದ ಮುರುಗೇಶನ್.

ಬಟ್ಟೆ ನಾಲ್ಕು ಬೆರಳೂ ಆಗಿರಲಿಲ್ಲ. ಅವನೇ ಅಪ್ಪನನ್ನು ಎಬ್ಬಿಸಿ ಹೊರಗೆ ಕರೆತಂದ. ಕಣ್ಣಮ್ಮ ಒದ್ದೆ ಬಟ್ಟೆ ಕೊಟ್ಟಳು. ಅವರು ಮುಖ ಒರೆಸಿಕೊಂಡು ನೀರು ಕುಡಿದರು.

"ಇದರೊಳಗೆ ಕೂತಾ ನೀನು ಸೀರೆ ಮುಗಿಸಿದ್ದು?" ಎಂದು ಕೇಳಿದರು.

"ಹೂಂ, ಮಾಮಾ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀವು ಹೆಂಚಿನ ಮನೆ ಕತೆ ಹೇಳಿದ್ರಿ."

ಬಿಸಿಲು ಇಳಿದ ಮೇಲೆ ಗುದ್ದಲಿಯ ಸದ್ದು ಕೇಳಿಸಿತು. ಅಂಗಪ್ಪನ್ ಗೋಡೆಯಿಂದ ಹನ್ನೆರಡಡಿ ಅಳೆದು ಗುಂಡಿ ತೋಡಲು ಶುರುಮಾಡಿದ್ದರು. ಮುರುಗೇಶನ್ ಮಣ್ಣು ಎತ್ತಿ ಹಾಕುತ್ತಿದ್ದ. ಸುಗನ್ಯಾ ಬಂದು ನೋಡಿ, ಗುಂಡಿ ಒಂದೂವರೆ ಅಡಿ ಆಳ ಇರಲಿ, ಸಸಿಯನ್ನು ಈಗ ಹಿತ್ತಿಲ ನೆರಳಲ್ಲಿಟ್ಟು ಮಳೆ ಹಿಡಿದಮೇಲೆ ನೆಡಿ ಎಂದಳು. "ಅಲ್ಲೀತನಕ ಶೀಟಿಗೆ ಸುಣ್ಣ ಬಳೀರಿ. ಅಕ್ಕ ನಸುಕಲ್ಲೇ ಮಗ್ಗಕ್ಕೆ ಕೂರ್ಲಿ, ಬಿಸಿಲು ಏರಿದ್ರೆ ಎದ್ದುಬಿಡ್ಲಿ. ನಂದಿಬಟ್ಟಲು ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ನೆಡಿ."

ಶಣ್ಮುಗಂ ಓಡಿಬಂದರು. "ಅಂಗಪ್ಪಣ್ಣ, ನೀವೇ ಕಟ್ಟು ಮುರಿಯೋದಾ?"

ಅಂಗಪ್ಪನ್ ಗುದ್ದಲಿ ಕೆಳಗಿಡಲಿಲ್ಲ. "ಕಟ್ಟು ಮಾಡಿದ್ದು ನೂಲು ಉಳಿಸೋಕೆ, ಶಣ್ಮುಗಂ. ಈಗ ನೂಲು ಕಡೀತಾ ಇರೋದು ಬಿಸಿಲಿಗೆ. ನೀನು ಈ ಬೀದೀಲಿ ಒಂದು ಪಾವು ಹಾಸು. ಹಾಸಿದ ದಿನ ಈ ಮರಾನ ನಾನೇ ಕಡೀತೀನಿ. ಅಲ್ಲೀತನಕ ಸಸಿಗೆ ಯಾರಾದ್ರೂ ಕೈ ಹಚ್ಚಿದ್ರೆ, ನನ್ನ ಹತ್ರ ಮಾತಾಡ್ಬೇಕು."

ಶಣ್ಮುಗಂ ಗುಂಡಿಯನ್ನು ನೋಡಿ ಮನೆಯ ಕಡೆ ತಿರುಗಿದರು. ಮುರುಗೇಶನ್ ಕೈ ಒರೆಸಿಕೊಂಡು ಫೋನ್ ತೆಗೆದ. ತನ್ನ ಹೆಂಡತಿಗೆಂದು ಹಿಡಿದಿಟ್ಟ ಸೀಟು ಬೇಡ ಎಂದು ವ್ಯಾನಿನವನಿಗೆ ಹೇಳಿದ.

ಮಳೆ ಹಿಡಿದಮೇಲೆ ಹೊಂಗೆ ನೆಲಕ್ಕಿಳಿಯಿತು. ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿದ್ದಾರೆ. ಸದ್ಯಕ್ಕೆ ಅದರ ನೆರಳಲ್ಲಿ ಒಂದು ಕೋಳಿಮರಿ ಮಾತ್ರ ನಿಲ್ಲಬಹುದು. ಕಣ್ಣಮ್ಮ ನಸುಕಿನಲ್ಲಿ ಮಗ್ಗಕ್ಕೆ ಕೂರುವ ಮೊದಲು ಅದಕ್ಕೆ ನೀರು ಹಾಕುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಮಧ್ಯಾಹ್ನ ನಿಮ್ಮ ಮನೆಯ ಪಡುವಣ ಗೋಡೆಯನ್ನು ಮುಟ್ಟಿ ನೋಡಿ. ಸುಡುತ್ತಿದ್ದರೆ ಅಲ್ಲಿಗೆ ಬೇಕಾದುದು ನೆರಳಿನ ಮರ. ಹೊಂಗೆಯಾಗಲಿ ಬೇವಾಗಲಿ, ತಂತಿಯ ಕೆಳಗೆ ಬೇಡ, ಗೋಡೆಗೆ ಅಂಟಿಸಿಯೂ ಬೇಡ. ನೆಡುವಾಗ ಸಸಿಯ ಪ್ಲಾಸ್ಟಿಕ್ ಚೀಲ ತೆಗೆಯಿರಿ, ಬುಡಕ್ಕೆ ಸಿಮೆಂಟು ಹಾಕಬೇಡಿ, ಮೊದಲ ಎರಡು ಬೇಸಿಗೆ ತಪ್ಪದೆ ನೀರು ಕೊಡಿ. ಹೂವಿನ ಗಿಡವನ್ನೂ ಬೆಳೆಸಿ, ಆದರೆ ಮರದ ಕೆಲಸವನ್ನು ಅದರಿಂದ ಕೇಳಬೇಡಿ. ನಮ್ಮ ಬೀದಿಯಲ್ಲಿ ಮರ ನೆಡುವ ಪದ್ಧತಿಯಿಲ್ಲ ಎಂದು ಯಾರಾದರೂ ತಡೆದರೆ, ಯಾಕೆ ಇಲ್ಲ ಎಂದು ಕೇಳಿ. ಕಾರಣ ಇಂದಿಗೂ ನಿಜವಾಗಿದ್ದರೆ ಒಪ್ಪಿಕೊಂಡು ಬೇರೆ ಜಾಗ ಹುಡುಕಿ. ಇಲ್ಲವಾದರೆ ಗುದ್ದಲಿ ಎತ್ತಿಕೊಳ್ಳಿ.