ಉಳುಕು ತೆಗೆದ ಕೈ

ಹರಳೆಣ್ಣೆಯ ವಾಸನೆ ಇನ್ನೂ ಹೋಗಿಲ್ಲ, ಬಾಗಿಲ ಬಳಿಯ ಸ್ಯಾನಿಟೈಸರನ್ನು ಮೂರು ಸಲ ತಿಕ್ಕಿಕೊಂಡರೂ ಉಗುರಿನ ಸಂದಿಯಲ್ಲಿ ಹಾಗೇ ಇದೆ, ಹದಿನೆಂಟು ದಿನದ ಮೊಮ್ಮಗು ಆಪರೇಷನ್ ಥಿಯೇಟರಿನ ಒಳಗೆ, ನಾನು ಹೊರಗೆ ಕಬ್ಬಿಣದ ಕುರ್ಚಿಯಲ್ಲಿ — ಸೊಂಟದ ಕೀಲಲ್ಲಿ ಕೀವು ತುಂಬಿದೆ ಅಜ್ಜಿ, ದೊಡ್ಡದಾಗಿ ಕೊಯ್ಯಲ್ಲ, ಎರಡು ಸಣ್ಣ ತೂತು ಮಾಡಿ ಕಡ್ಡಿಯಂಥ ಕ್ಯಾಮೆರಾ ಬಿಟ್ಟು ತೊಳೀತೀವಿ, ಎಂದರು ಡಾಕ್ಟರು. ತೊಳೆಯುವುದು. ನಾನು ಚಿಕ್ಕವಳಿದ್ದಾಗ ಹಲಸೂರಿನ ನಮ್ಮ ಬಚ್ಚಲು, ಹಂಡೆಯ ಬಿಸಿನೀರು, ಸಾಂಬ್ರಾಣಿ ಹೊಗೆ, ನನ್ನ ಅಜ್ಜಿ ಮಣೆಯ ಮೇಲೆ ಕೂತು ಚಾಚಿದ ಕಾಲ ಮೇಲೆ ನನ್ನ ತಮ್ಮ ಸೀನನನ್ನು ಮಲಗಿಸಿಕೊಂಡರೆ ಅವನು ಎರಡೂ ಕಾಲು ಒದ್ದು ನೀರೆಲ್ಲ ನನ್ನ ಲಂಗಕ್ಕೆ, ಚೊಂಬು ಹಿಡಿದು ನಿಲ್ಲುವುದೇ ನನಗೆ ಹಬ್ಬ, ಎಷ್ಟು ಚೆಂದವಿತ್ತು — ಆಮೇಲೊಂದು ದಿನ ಒಂದೇ ಕಾಲು ಒದ್ದ. ಉಳುಕಿದೆ ಕಣೇ, ಎಂದು ಅಜ್ಜಿ ಎಣ್ಣೆ ಹಚ್ಚಿ ಎಳೆದಳು. ಆಸ್ಪತ್ರೆಯಲ್ಲಿ ಸೊಂಟ ಕೊಯ್ಯುವ ಹೊತ್ತಿಗೆ ಕೀಲು ಕರಗಿತ್ತು, ಕಾಲು ಗಿಡ್ಡವಾಯಿತು. ನಾನೇ ಅವನನ್ನು ಸೊಂಟದ ಮೇಲೆ ಹೊತ್ತು ಕೆರೆಯಂಚಿನಲ್ಲಿ ಓಡುತ್ತಿದ್ದೆ, ಅಕ್ಕಾ ಜೋರಾಗ್ ಓಡೇ, ಬಾತುಕೋಳಿ ಹಾರೋಗತ್ತೆ, ಆ ಭಾರ, ಆ ನಗು, ಈಗಲೂ ಬೇಕೆನಿಸುತ್ತದೆ.

ಅದನ್ನೆಲ್ಲ ಕಂಡವಳು ನಾನು, ನನಗೆ ಗೊತ್ತಾಗಬೇಕಿತ್ತಲ್ಲ. ಭಾನುವಾರ ಚಾಚಿದ ನನ್ನ ಕಾಲ ಮೇಲೆ ಮಗುವಿನ ಬಲಗಾಲು ನೀರು ಒದೆಯಿತು, ಎಡಗಾಲು ಸುಮ್ಮನೆ ಬಿದ್ದಿತ್ತು. ಉಳುಕಿದೆ, ಎಂದೆ, ಥೇಟ್ ಅಜ್ಜಿಯ ಧ್ವನಿ. ಎಳೆದೆ. ಕಿರುಚಿತು. ಅಮ್ಮಾ, ಡಾಕ್ಟರಿಗೆ ತೋರಿಸ್ಬಿಡೋಣ, ಎಂದಳು ಮಗಳು ಸುಕನ್ಯ, ಬಾಣಂತಿ ನೀನು, ಸುಮ್ನೆ ಮಲ್ಕೋ, ನನಗ್ಗೊತ್ತಿಲ್ವಾ, ಎಂದೆ ನಾನು — ಸೋಮವಾರ ಎಳೆದೆ, ಮಂಗಳವಾರ ಎಳೆದೆ. ಇವತ್ತು ಬೆಳಿಗ್ಗೆ ಡಾಕ್ಟರು, ಎಷ್ಟು ದಿನದಿಂದ ಕಾಲಾಡಿಸ್ತಿಲ್ಲ ಎಂದರೆ ನಾನೇ ಮುಂದಾಗಿ ಬಾಯಿ ಹಾಕಿದೆ, ನಿನ್ನೆಯಿಂದ. ಸುಕನ್ಯ ನನ್ನ ಮುಖ ನೋಡಿದಳು, ನಾಚಿಕೆಯಿಂದ ಸಾಯಬೇಕೆನಿಸಿತು.

ಉದ್ದ ಹೆಜ್ಜೆ, ಗಿಡ್ಡ ಹೆಜ್ಜೆ, ನೋಡದೆಯೇ ಗೊತ್ತು, ಲಿಂಗರಾಜಪುರದಿಂದ ಸೀನ ಬಂದ, ತಲೆ ಪೂರ್ತಿ ನರೆತಿದೆ, ಪಕ್ಕದಲ್ಲಿ ಕೂತ — ತೂತು ಮಾಡಿ ತೊಳೀತಾರಂತಲ್ಲಕ್ಕಾ, ಆವಾಗ್ಲೇ ಇದಿದ್ದಿದ್ರೆ ನನ್ನ ಹೊತ್ತು ಸವೆದ ನಿನ್ ಸೊಂಟ ಉಳೀತಿತ್ತು ಕಣೇ, ಎಂದು ನಗುತ್ತಾನೆ, ನಗಬೇಡ್ವೋ ಸೀನ. ಬಾಗಿಲು ತೆರೆಯಿತು, ಡಾಕ್ಟರು ಮುಖದ ಮಾಸ್ಕ್ ಇಳಿಸಿ ನಗುತ್ತ, ಕೀವೆಲ್ಲ ತೆಗೆದಾಯ್ತು, ಒಂದೇ ದಿನಕ್ಕೆ ಕರ್ಕೊಂಡ್ ಬಂದ್ರಲ್ಲ, ಕೀಲು ಉಳಿಯತ್ತೆ ಬಿಡಿ, ಎನ್ನುತ್ತಾರೆ, ನಾನು ಎದ್ದು ನಿಂತೆ, ಭಾನುವಾರದಿಂದ ಡಾಕ್ಟ್ರೇ, ಎಂದೆ. ನಾನೇ ಎಳೆದೆ. ಡಾಕ್ಟರ ನಗು ನಿಂತಿತು, ಸೀನನದೂ, ಕಣ್ಣೆದುರು ಮತ್ತೆ ಭಾನುವಾರ, ಹಂಡೆಯ ನೀರು ಕುದಿಯುತ್ತಿದೆ, ಬಲಗಾಲು ಒದೆಯುತ್ತಿದೆ, ಎಡಗಾಲು, ಎಣ್ಣೆ ಹೊಳೆಯುವ ಪುಟ್ಟ ಎಡಗಾಲು, ನನ್ನ ಕಾಲ ಮೇಲೆ, ಸುಮ್ಮನೆ.