ನಿಧಾನಕ್ಕೆ ಒಂಬತ್ತು ಮೈಲಿ

ನನ್ನ ಗಂಡ ಲೆಲ್ಯಾಂಡ್ ತೀರಿಕೊಂಡದ್ದು ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ. ಅದಕ್ಕೆ ನಾಲ್ಕು ದಿನ ಮುಂಚೆ, ಮಾತಾಡಲು ಇನ್ನೂ ಸ್ವಲ್ಪ ತ್ರಾಣವಿದ್ದಾಗ, ನನ್ನ ಕೈಹಿಡಿದು ಒಂದೇ ಒಂದು ಮಾತು ಕೇಳಿಕೊಂಡಿದ್ದ.

"ನನ್ನ ಕಾರನ್ನ ಟ್ರೈಲರ್ ಮೇಲೆ ಮಾತ್ರ ತರಬೇಡ ಕಣೇ, ಅರ್ಡಿ."

ನಮ್ಮ ಓಹಾಯೋದ ಈ ಸಣ್ಣ ಊರಿನ ಹಳೇ ಕಾರಿನವರಲ್ಲಿ ಒಂದು ಪದ್ಧತಿಯಿದೆ. ತಮ್ಮಲ್ಲೊಬ್ಬ ಹೋದರೆ ಅವನ ಕಾರು ಶವದ ಗಾಡಿಯ ಬೆನ್ನಿಗೇ ಹೋಗಬೇಕು, ಮನೆಯವರೇ ಓಡಿಸಬೇಕು. ಉಳಿದವರ ಕಾರುಗಳು ಅದರ ಹಿಂದೆ. ತನ್ನ ಚಕ್ರದ ಮೇಲೆ ಓಡದೆ ಇನ್ನೊಂದು ಗಾಡಿಯ ಮೇಲೆ ಸವಾರಿ ಬರುವ ಕಾರನ್ನು ಅವರು 'ಟ್ರೈಲರ್ ರಾಣಿ' ಎಂದು ಆಡಿಕೊಳ್ಳುತ್ತಾರೆ. ಎಲ್ಲರಿಗಿಂತ ಹೆಚ್ಚು ಆಡಿಕೊಂಡವನು ಲೆಲ್ಯಾಂಡನೇ.

ಚರ್ಚಿನಿಂದ ಸ್ಮಶಾನಕ್ಕೆ ಒಂಬತ್ತು ಮೈಲಿ. ಶವದ ಗಾಡಿ ಹೋಗುವುದು ಸೈಕಲ್ಲಿನ ವೇಗದಲ್ಲಿ. ಲೆಲ್ಯಾಂಡನದು ಅರವತ್ತೊಂಬತ್ತನೇ ಇಸವಿಯ ಮಸಲ್ ಕಾರು, ಭಾರೀ ಎಂಜಿನ್ ಇಟ್ಟು ಜೋರಾಗಿ ಓಡಲೆಂದೇ ಮಾಡಿದ್ದು. ಅದಕ್ಕೆ ನಿಧಾನವೇ ಶತ್ರು. ಅದನ್ನು ತಣ್ಣಗಿಡುವ ಫ್ಯಾನು ಎಂಜಿನ್ನಿಗೇ ಕಟ್ಟಿದ್ದು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಹತ್ತು ನಿಮಿಷ ತೆವಳಿಸಿದರೆ ಸಾಕು, ಶಾಖ ತೋರಿಸುವ ಮುಳ್ಳು ಮೇಲೇರಿ ಬಾನೆಟ್ಟಿನಡಿಯಿಂದ ಹಬೆ ಏಳುತ್ತಿತ್ತು.

ನಲವತ್ತು ವರ್ಷದಿಂದ ರೇಡಿಯೇಟರ್ ಅಂಗಡಿ ನಡೆಸುವ ಗೆಳೆಯ ಡ್ವೇನ್ ಅವನಿಗೆ ಹೇಳದ ದಿನವಿಲ್ಲ. "ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕೋ, ಎರಡು ಕರೆಂಟ್ ಫ್ಯಾನ್ ಕೂರಿಸೋ. ತಣ್ಣಗಿರುತ್ತೆ."

"ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು. ವಯಸ್ಸಾಯ್ತು ಅಂತ ನೀನು ಹೊಸ ಹೃದಯ ಹಾಕಿಸ್ಕೋತೀಯೇನೋ?"

"ಮೂರು ಕಡೆ ಹೊಸ ಪೈಪು ಹಾಕಿಸ್ಕೊಂಡಿದೀನಲ್ಲೋ, ಮಾರಾಯ! ಅದಕ್ಕೇ ನಿನ್ನ ಹತ್ರ ಜಗಳ ಆಡೋಕೆ ಉಳಿದಿರೋದು."

ಆ ಸೋಮವಾರ ಮಧ್ಯಾಹ್ನ ಡ್ವೇನ್ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಟೋಪಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಪಕ್ಕದ ಮನೆಯವರು ತಂದಿಟ್ಟ ಆಲೂಗಡ್ಡೆ ಸಲಾಡನ್ನು ಇಬ್ಬರೂ ಮುಟ್ಟಿರಲಿಲ್ಲ. ಹೊರಗೆ ಯಾರೋ, ಯಾರೂ ಹೇಳದೆಯೇ, ನಮ್ಮ ಹುಲ್ಲು ಕತ್ತರಿಸುತ್ತಿದ್ದರು.

"ಅಂತ್ಯಕ್ರಿಯೆ ಶುಕ್ರವಾರ ಹತ್ತು ಗಂಟೆಗೆ ಅಲ್ವಾ?" ಎಂದ.

ಕಾರಿನ ವಿಷಯ ಅವನಾಗಿ ಕೇಳಲಾರ ಎಂದು ನನಗೆ ಗೊತ್ತಿತ್ತು. "ಲೆಲ್ಯಾಂಡ್ ನನಗೆ ಎರಡು ಮಾತು ಹೇಳಿದಾನೆ. ಏನೂ ಬದಲಾಯಿಸಬಾರದು ಅನ್ನೋದು ಯಾವಾಗ್ಲೂ ಹೇಳ್ತಿದ್ದದ್ದು, ಟ್ರೈಲರ್ ಮೇಲೆ ತರಬೇಡ ಅನ್ನೋದು ಕೊನೆಗೆ ಹೇಳಿದ್ದು. ಎರಡೂ ನಡೆಸೋಕಾಗಲ್ಲ ಡ್ವೇನ್. ನೀನು ಆ ರೇಡಿಯೇಟರ್ ಹಾಕು."

ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಅವನು ನನ್ನ ಬೈತಾನೆ."

"ನನ್ನನ್ನೂ ಬೈತಾನೆ. ಹಾಕು."

ಗೋರ್ಡಿ ಕೈಜೋಡಿಸಿದ. ಅವನಿಗೀಗ ಐವತ್ತೈದು, ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ನನ್ನ ಬಳಿ ಜೀವಶಾಸ್ತ್ರ ಓದಿದವನು. ಕಾರಿನ ವಿದ್ಯೆಯೆಲ್ಲ ಅವನಿಗೆ ಬಂದದ್ದು ನನ್ನ ಗಂಡನಿಂದ. ಮಂಗಳವಾರ ಹೊಸ ರೇಡಿಯೇಟರನ್ನು ತನ್ನ ಮನೆಗೆ ಒಯ್ದ. ಬುಧವಾರ ಇಬ್ಬರೂ ಕಪ್ಪು ಬಣ್ಣ ಬಳಿದ ಹಳೆಯ ಹಿತ್ತಾಳೆಯದನ್ನು ಬಿಚ್ಚಿ, ಮಗುವನ್ನು ಮಲಗಿಸುವಂತೆ ಹಳೇ ಹೊದಿಕೆಯ ಮೇಲೆ ಮಲಗಿಸಿದರು. ಗುರುವಾರ ಹನ್ನೊಂದಕ್ಕೆ ಹೊಸದು ಕುಳಿತಿತ್ತು. ಅಚ್ಚ ಕಪ್ಪು. ನೋಡಿದರೆ ಹಳೆಯದೇ ಅನ್ನಬೇಕು.

ನಾನು ಒಳಗೆ ಕುಳಿತು ಕೀಲಿ ತಿರುಗಿಸಿದೆ. ಎಂಜಿನ್ ಗುಡುಗಿತು. ಎರಡು ಫ್ಯಾನುಗಳೂ ಭೋರೆಂದವು. ಆದರೂ ಮುಳ್ಳು ನೂರ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಇನ್ನೂರ ಹತ್ತು. ಇನ್ನೂರ ಮೂವತ್ತು.

"ಆಫ್ ಮಾಡು, ಅರ್ಡಿ! ಆಫ್ ಮಾಡು!"

ಮುಚ್ಚಳದ ಸಂದಿಯಿಂದ ಹಬೆ ಸುಯ್ಯೆಂದಿತು. ಎಂಜಿನ್ ನಿಂತರೂ ಫ್ಯಾನು ತಿರುಗುತ್ತಲೇ ಇತ್ತು. ಎಂಜಿನ್ ತಣಿಯುವ ತನಕ ತಿರುಗುವಂತೆ ಡ್ವೇನ್ ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದ್ದ. "ಒಂದು ಕಾಗದ ಕೊಡು" ಎಂದ. ನನ್ನ ಕೈಯಲ್ಲಿದ್ದದ್ದು ಮರುದಿನದ ಪ್ರಾರ್ಥನೆಯ ಚೀಟಿ, ಮೇಲೆ ಲೆಲ್ಯಾಂಡನ ಫೋಟೋ. ಅದನ್ನೇ ಕೊಟ್ಟೆ. ಫ್ಯಾನು ಗಾಳಿ ಎಳೆಯುತ್ತಿದ್ದರೆ ಕಾಗದ ಕಾರಿನ ಮುಂದಿನ ಜಾಲರಿಗೆ ಅಂಟಿ ನಿಲ್ಲಬೇಕು. ಡ್ವೇನ್ ಕೈಬಿಟ್ಟ. ಕಾಗದ ನೆಲಕ್ಕೆ ಬಿತ್ತು. ಗೋರ್ಡಿ ತಟ್ಟನೆ ಬಗ್ಗಿ ಎತ್ತಿಕೊಂಡು ಅಂಗಿಗೆ ಒರೆಸಿದ.

ಡ್ವೇನ್ ಟಾರ್ಚ್ ಬೆಳಕು ಬಿಟ್ಟು ನೋಡಿದ. "ಇದು ನನ್ನ ಅಂಗಡಿಯಿಂದ ಹೋದಾಗ ಬೆಳ್ಳಿ ಹಾಗಿತ್ತು. ಎಷ್ಟು ಸಲ ಬಣ್ಣ ಹೊಡೆದೆಯೋ ಗೋರ್ಡಿ?"

"ನಾಲ್ಕು ಸಲ."

"ನಾಲ್ಕು! ಸಂದಿ ಸಂದಿಗೂ ಬಣ್ಣ ತುಂಬಿ ಗಾಳಿಗೆ ದಾರಿಯೇ ಇಲ್ಲ ಕಣೋ. ಆಗಸ್ಟ್ ಬಿಸಿಲಲ್ಲಿ ಕಂಬಳಿ ಹೊದಿಸಿದೀಯಲ್ಲೋ, ಪುಣ್ಯಾತ್ಮ!"

"ಬೆಳ್ಳಿ ಬಣ್ಣ ಅವರಿಗೆ ಕಾಣಿಸಬಾರದು ಅಂತ..." ಗೋರ್ಡಿ ಚೀಟಿಯನ್ನು ಇನ್ನೊಮ್ಮೆ ಒರೆಸಿದ. "ಹಳೇದರ ಹಾಗೇ ಕಾಣ್ಲಿ ಅಂತ ಮಾಡಿದೆ, ಟೀಚರ್."

ಯಾರಿಗೆ ಕಾಣಿಸಬಾರದು ಎಂದು ನಾವು ಯಾರೂ ಕೇಳಲಿಲ್ಲ. ಡ್ವೇನ್ ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡ.

"ಇನ್ನೊಂದು ತರಿಸೋಕೆ ಸೋಮವಾರ ಆಗುತ್ತೆ" ಎಂದ. ಗೋರ್ಡಿ ನೆಲ ನೋಡುತ್ತ, "ನನ್ನ ಹತ್ರ ಟ್ರೈಲರ್ ಇದೆ" ಎಂದ. ಹೇಳಿ ತಾನೇ ತಲೆ ಅಲ್ಲಾಡಿಸಿದ.

ನಾನು ಒಳಗೆ ಹೋಗಿ ನನ್ನ ಹಳೇ ಪಾಠದ ಪೆಟ್ಟಿಗೆ ತಂದೆ. ಹೂವಿನ ಒಳಭಾಗ ಬಿಡಿಸಲು ಇಟ್ಟುಕೊಂಡಿದ್ದ ಸೂಜಿಗಳು, ಸಣ್ಣ ಕುಂಚಗಳು. "ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ತಾನೇ? ಬಣ್ಣ ಕರಗಿಸೋ ತಿನ್ನರ್ ತಾ" ಎಂದೆ.

ರೇಡಿಯೇಟರನ್ನು ಮತ್ತೆ ಬಿಚ್ಚಿ ವರಾಂಡದ ಬೆಂಚಿನ ಮೇಲಿಟ್ಟೆವು. ಅದರ ಸಾಲುಸಾಲು ತಗಡಿನ ರೆಕ್ಕೆಗಳು ಅಣಬೆಯ ಕೆಳಗಿನ ಪದರಗಳಷ್ಟು ತೆಳು, ಒತ್ತಿದರೆ ಬಾಗಿಬಿಡುತ್ತಿದ್ದವು. ಮೂವರೂ ಒಂದೊಂದು ಮೂಲೆ ಹಿಡಿದು ಕುಳಿತೆವು. ತಿನ್ನರಿನ ವಾಸನೆಗೆ ಕಣ್ಣು ಉರಿಯುತ್ತಿತ್ತು. ಯಾರ ಕಣ್ಣಲ್ಲಿ ನೀರು ಬಂದರೂ ಅದರ ಮೇಲೆ ಹಾಕಬಹುದಿತ್ತು.

"ಮೆತ್ತಗೆ, ಗೋರ್ಡಿ. ನೀನು ಆ ಕಪ್ಪೆಯನ್ನ ಕುಯ್ದ ಹಾಗೆ ಕುಯ್ಯಬೇಡ."

"ಇನ್ನೂ ಮರೆತಿಲ್ವಾ ಟೀಚರ್? ಅದಕ್ಕೇ ನನ್ನ ಫೇಲ್ ಮಾಡಿದ್ರಿ."

"ಫೇಲ್ ಮಾಡಲಿಲ್ಲ. ಸಿ ಗ್ರೇಡ್ ಕೊಟ್ಟೆ. ಕಪ್ಪೆಯನ್ನ ಕೇಳಿದ್ರೆ ಅದೂ ಕೊಡ್ತಿರಲಿಲ್ಲ."

ಡ್ವೇನ್ ನಕ್ಕುಬಿಟ್ಟ. ಸೋಮವಾರದ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು. ನಕ್ಕದ್ದಕ್ಕೆ ಅವನೇ ಗಾಬರಿಯಾಗಿ ನನ್ನ ಮುಖ ನೋಡಿದ.

ಸಂಜೆ ಆರಕ್ಕೆ ರೇಡಿಯೇಟರ್ ಬರಿಯ ಬೆಳ್ಳಿಯಾಗಿ ಹೊಳೆಯುತ್ತ ಕಾರಿನೊಳಗೆ ಕುಳಿತಿತ್ತು. ಕಾಗದ ಹಿಡಿದರೆ ಜಾಲರಿಗೆ ಪಟ್ಟೆಂದು ಅಂಟಿತು. ಮುಳ್ಳು ನೂರ ಎಂಬತ್ತೈದರಲ್ಲಿ ನಿಂತಿತು. ಕಾರು ನಿಲ್ಲಿಸಿಕೊಂಡೇ ಅರ್ಧ ಗಂಟೆ ಎಂಜಿನ್ ಓಡಿಸಿದೆವು. ಅಲ್ಲಾಡಲಿಲ್ಲ. ನನಗೆ ಖುಷಿಯಾಗಲಿಲ್ಲ. ಮೂರು ದಿನದ ಕೆಲಸ. ಇದೊಂದನ್ನು ಮಾಡದೆ, ಕಾರನ್ನು ಮನೆಯಲ್ಲೇ ಬಿಟ್ಟು ನಾವು ಎಷ್ಟು ವರ್ಷ ಊರ ಮೆರವಣಿಗೆಗಳನ್ನು ರಸ್ತೆಬದಿಯಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆವು!

ಶುಕ್ರವಾರ ಚರ್ಚಿನ ಮುಂದೆ ಶವದ ಗಾಡಿ ಓಡಿಸುವ ಹುಡುಗಿ ನನ್ನ ಕಿಟಕಿಗೆ ಬಗ್ಗಿದಳು. "ಅಮ್ಮಾ, ನಿಮ್ಮ ಕಾರಿನ ವಿಷಯ ಕೇಳಿದೆ. ಸ್ವಲ್ಪ ಜೋರಾಗಿ ಹೋಗ್ಲಾ? ಯಾರೂ ಏನೂ ಅಂದ್ಕೊಳ್ಳಲ್ಲ."

"ಬೇಡಮ್ಮ. ಎಲ್ಲರಿಗೂ ಹೇಗೆ ಹೋಗ್ತೀಯೋ ಹಾಗೇ ಹೋಗು."

ಹೊರಟೆವು. ಎದುರಿನಿಂದ ಬರುವ ಕಾರುಗಳೆಲ್ಲ, ನಮ್ಮ ಕಡೆಯ ರೂಢಿಯಂತೆ, ಬದಿಗೆ ಸರಿದು ನಿಂತವು. ಜೋಳದ ಹೊಲದಲ್ಲಿ ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಟೋಪಿ ತೆಗೆದ. ಇದೆಲ್ಲ ನಾನು ಕಂಡದ್ದು ಓರೆಗಣ್ಣಿನಿಂದ. ಕಣ್ಣಿದ್ದದ್ದು ಮುಳ್ಳಿನ ಮೇಲೆ.

ಆರನೇ ಮೈಲಿಯಲ್ಲಿ, ಶವದ ಗಾಡಿ ಹಳಿ ದಾಟಿದೊಡನೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲು ಬಂತು, ಮುಗಿಯುವ ಸೂಚನೆಯೇ ಇರಲಿಲ್ಲ. ಡಬ್ಬಿಗಳ ಸಂದಿಯಲ್ಲಿ ಆಚೆ ಅವಳು ನಿಲ್ಲಿಸಿ ಕಾಯುತ್ತಿರುವುದು ಕಾಣುತ್ತಿತ್ತು. ನೂರ ತೊಂಬತ್ತು. ನೂರ ತೊಂಬತ್ತೈದು. ಹಿಂದಿನ ಕಾರಿನಿಂದ ಡ್ವೇನ್ ಇಳಿದು ಬಂದು ನನ್ನ ಕಾರಿನ ಮಾಡಿನ ಮೇಲೆ ಕೈಯಿಟ್ಟು ನಿಂತ. ಹನ್ನೆರಡು ನಿಮಿಷ ಹಾಗೇ ನಿಂತಿದ್ದ. ಮುಳ್ಳು ಅಲ್ಲಿಂದ ಮೇಲೆ ಹೋಗಲಿಲ್ಲ.

ಸ್ಮಶಾನದ ದಿಬ್ಬವನ್ನೂ ಕಾರು ಹತ್ತಿತು. ಓಕ್ ಮರದ ಪಕ್ಕ ನಿಲ್ಲಿಸಿ ಎಂಜಿನ್ ಆರಿಸಿದೆ. ಫ್ಯಾನು ಮಾತ್ರ ಓಡುತ್ತಿತ್ತು. ಜನ ಗುಂಡಿಯ ಸುತ್ತ ಸೇರಿದ್ದರು; ಆ ಮೌನದಲ್ಲಿ ಅದರ ಸದ್ದು ಬಹಳ ದೊಡ್ಡದಾಗಿ ಕೇಳುತ್ತಿತ್ತು. ಗೋರ್ಡಿ ಮುಖ ಕೆಂಪು ಮಾಡಿಕೊಂಡು ಓಡಿಬಂದ. "ವೈರ್ ಕಿತ್ತುಬಿಡ್ಲಾ ಟೀಚರ್?"

"ಬಿಡು. ಅದರ ಕೆಲಸ ಅದು ಮುಗಿಸಲಿ."

ಪಾಸ್ಟರ್ ನಮ್ಮ ಕಡೆ ನೋಡಿದರು. ತೆರೆದಿದ್ದ ಪುಸ್ತಕವನ್ನು ಬೆರಳಿಟ್ಟು ಮುಚ್ಚಿ, ತಲೆ ತಗ್ಗಿಸಿ ಕಾದರು. ಅವರನ್ನು ನೋಡಿ ಉಳಿದವರೂ ಕಾದರು.

ನಾನು ಒಳಗೇ ಕುಳಿತು ಕೇಳಿಸಿಕೊಂಡೆ. ನಾಲ್ಕು ದಿನದಿಂದ ನನಗೆ ಚಿಂತಿಸಲು ಈ ಕಾರಿತ್ತು. ಫ್ಯಾನಿನ ಸದ್ದು ನಿಧಾನವಾಯಿತು, ಸಣ್ಣದಾಯಿತು, ನಿಂತಿತು. ನೋಡುತ್ತಿರಲು ಇನ್ನು ಯಾವ ಮುಳ್ಳೂ ಇರಲಿಲ್ಲ.

ಗೋರ್ಡಿ ಬಾಗಿಲು ತೆರೆದು ಕೈ ಚಾಚಿದ. ಅದನ್ನು ಹಿಡಿದುಕೊಂಡು ಇಳಿದೆ.